ಆಶ್ರಯ, ಅನುದಾನ, ಹಕ್ಕು: ಸಂಗೀತಕ್ಕೆ ಸರ್ಕಾರದ ಪೋಷಣೆಯನ್ನು ಕುರಿತು ಕೆಲವು ಪ್ರಶ್ನೆಗಳು

೧

ಕಲೆಗೆ ಸರ್ಕಾರ ನೆರವು ನೀಡಬೇಕೆ ಬೇಡವೆ ಎಂಬ ಪ್ರಶ್ನೆ ಕರ್ನಾಟಕದ ಮಟ್ಟಿಗೆ ಬಹುತೇಕ ಇತ್ಯರ್ಥವಾದಂತೆ ತೋರುತ್ತದೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಇದೆ. ಸಂಗೀತ ನೃತ್ಯ, ನಾಟಕ, ಜಾನಪದ, ಯಕ್ಷಗಾನ, ಬಯಲಾಟ ಇವುಗಳಿಗೆ ಬೇರೆ ಬೇರೆ ಅಕಾಡೆಮಿಗಳಿವೆ. ಸಂಗೀತಕ್ಕೂ ಜಾನಪದಕ್ಕೂ ಒಂದೊಂದು ವಿಶ್ವವಿದ್ಯಾಲಯವೇ ಇದೆ. ಪಕ್ಷ ಯಾವುದೇ ಇರಲಿ, ಅಧಿಕಾರಕ್ಕೆ ಬಂದ ಯಾವ ಸರ್ಕಾರವೂ ಈ ಹೊಣೆಯನ್ನು ತಾತ್ವಿಕವಾಗಿ ನಿರಾಕರಿಸಿದ್ದಿಲ್ಲ. ಆದ್ದರಿಂದ ಚರ್ಚೆ ನಡೆದಾಗಲೆಲ್ಲ ಅದು ಮೊತ್ತದ ಸುತ್ತಲೇ ಗಿರಕಿ ಹೊಡೆಯುತ್ತದೆ. ಅನುದಾನ ಸಾಲದು ಎಂದು ಕಲಾವಿದರು ಹೇಳುತ್ತಾರೆ, ಹೆಚ್ಚಿಸಿದ್ದೇವೆ ಎಂದು ಸರ್ಕಾರ ಹೇಳುತ್ತದೆ.

ಮೊತ್ತದ ಪ್ರಶ್ನೆ ಅಮುಖ್ಯವೆಂದು ಯಾರೂ ಹೇಳಲಾರರು. ಆದರೆ ಅದಕ್ಕಿಂತ ಮೊದಲು ಕೇಳಬೇಕಾದ ಎರಡು ಪ್ರಶ್ನೆಗಳಿವೆ. ಕಲಾವಿದನ ಬದುಕಿನ ಯಾವ ಘಟ್ಟದಲ್ಲಿ ಪೋಷಣೆ ಅವನನ್ನು ತಲುಪುತ್ತದೆ? ಯಾರು ಕಲಾವಿದರು, ಯಾವುದು ಕಲೆ ಎಂಬುದನ್ನು ತೀರ್ಮಾನಿಸುವ ಅಧಿಕಾರ ಯಾರ ಕೈಯಲ್ಲಿದೆ? ಸಂಗೀತವನ್ನು, ವಿಶೇಷವಾಗಿ ಜನಪದ ಗಾಯನ ಪರಂಪರೆಗಳನ್ನು, ಮುಖ್ಯ ನಿದರ್ಶನವಾಗಿ ಇಟ್ಟುಕೊಂಡು ಈ ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸಲಾಗಿದೆ. ನಮ್ಮ ಪೋಷಣೆಯ ವ್ಯವಸ್ಥೆ ಕಲೆಯನ್ನು ವೇದಿಕೆಯ ಮೇಲೆ ಮತ್ತು ಕಲಾವಿದನನ್ನು ಇಳಿವಯಸ್ಸಿನಲ್ಲಿ ಮಾತ್ರ ಗುರುತಿಸುತ್ತದೆ. ಕಲಿಕೆಯನ್ನಾಗಲಿ ಹಕ್ಕನ್ನಾಗಲಿ ಅದು ಬಹಳಮಟ್ಟಿಗೆ ಮುಟ್ಟುವುದಿಲ್ಲ ಎಂಬುದು ಈ ಲೇಖನದ ವಾದ. ಈ ಕೊರತೆಯಲ್ಲಿ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳ ಪಾಲೂ ಇದೆ ಎಂಬುದನ್ನು ಕೊನೆಯಲ್ಲಿ ಚರ್ಚಿಸಲಾಗುವುದು.

೨

ಕನ್ನಡ ಸಂಸ್ಕೃತಿಯ ಚರಿತ್ರೆಯಲ್ಲಿ ಕಲೆಯ ಪೋಷಣೆಗೆ ಒಂದೇ ಮಾದರಿ ಇರಲಿಲ್ಲ. ಪಂಪನಿಗೆ ಅರಿಕೇಸರಿಯಿಂದ ಧರ್ಮವುರ ಎಂಬ ಅಗ್ರಹಾರ ದೊರೆತದ್ದು ಒಂದು ಮಾದರಿ. ಹರಿದಾಸರು ಗೋಪಾಳಬುಟ್ಟಿ ಹಿಡಿದು ಮನೆಮನೆಯ ಮುಂದೆ ಹಾಡಿದ್ದು ಮತ್ತೊಂದು. ಮಂಟೇಸ್ವಾಮಿ, ಮಲೆಯ ಮಾದೇಶ್ವರರ ಕಾವ್ಯಗಳನ್ನು ರಾತ್ರಿಯಿಡೀ ಹಾಡುವ ನೀಲಗಾರರು ಮತ್ತು ದೇವರ ಗುಡ್ಡರು, ಚೌಡಿಕೆ ನುಡಿಸುವ ಎಲ್ಲಮ್ಮನ ಜೋಗತಿಯರು, ಕಿನ್ನರಿ ಜೋಗಿಗಳು ಈ ಎರಡನೆಯ ಮಾದರಿಗೆ ಸೇರಿದವರು. ಇಲ್ಲಿ ಭಿಕ್ಷೆ ದೀಕ್ಷೆಯ ಅಂಗ. ಅದನ್ನು ನೀಡುವುದು ಒಕ್ಕಲಿನವರ ಕರ್ತವ್ಯ, ಪಡೆಯುವುದು ಹಾಡುವವನ ಹಕ್ಕು. ಮಠ, ದೇವಾಲಯ, ಜಾತ್ರೆಗಳ ಸುತ್ತ ಬೆಳೆದದ್ದು ಮೂರನೆಯ ಮಾದರಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಟಿಕೇಟು ಕೊಂಡು ನೋಡುವ ಪ್ರೇಕ್ಷಕನನ್ನು ನೆಚ್ಚಿಕೊಂಡ ಕಂಪನಿ ನಾಟಕಗಳು ನಾಲ್ಕನೆಯ ಮಾದರಿಯನ್ನು ಸೇರಿಸಿದವು. 1884ರಲ್ಲಿ ಆರಂಭವಾದ ಗುಬ್ಬಿ ಕಂಪನಿ ಅದರ ಪ್ರಸಿದ್ಧ ಉದಾಹರಣೆ.

ಈ ಮಾದರಿಗಳು ಒಂದಕ್ಕೊಂದು ತೀರಾ ಪ್ರತ್ಯೇಕವಾಗಿದ್ದವು ಎನ್ನುವಂತಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೋಡಬಹುದು. ಪಂಚಾಕ್ಷರಿ ಗವಾಯಿಗಳು (1892–1944) ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದವರು. ಅವರು ಕಟ್ಟಿ, ಪುಟ್ಟರಾಜ ಗವಾಯಿಗಳು (1914–2010) ಮುಂದುವರಿಸಿದ ಆಶ್ರಮ ಅಂಧ ಮತ್ತು ಬಡ ಮಕ್ಕಳಿಗೆ ಅನ್ನ, ವಸತಿ, ಸಂಗೀತ ಮೂರನ್ನೂ ಉಚಿತವಾಗಿ ನೀಡಿತು. ಭಕ್ತರ ಕಾಣಿಕೆಯ ಜೊತೆಗೆ ಆಶ್ರಮದ್ದೇ ಆದ ನಾಟಕ ಕಂಪನಿಯ ಆದಾಯವೂ ಅದಕ್ಕೆ ಒದಗಿತು. ಮಠದ ಮಾದರಿ ಮತ್ತು ಕಂಪನಿಯ ಮಾದರಿ ಒಂದೇ ಅಂಗಳದಲ್ಲಿ ಕೂಡಿದ್ದವು. ಉತ್ತರ ಕರ್ನಾಟಕದ ಎಷ್ಟೋ ಸಂಗೀತ ಶಿಕ್ಷಕರು ಈ ಅಂಗಳದಿಂದ ಬಂದವರು. ಇಲ್ಲಿ ಮುಖ್ಯವಾಗಿ ಗಮನಿಸಬೇಕಾದುದು, ಹಣ ಮೊದಲು ಸಂದದ್ದು ಕಲಿಕೆಗೆ ಎಂಬುದು. ಕಛೇರಿ ಅದರ ಫಲವಾಗಿ ಅನಂತರ ಬಂತು.

ಮೈಸೂರು ಅರಮನೆಯ ಪೋಷಣೆಯನ್ನು ಇದೇ ದೃಷ್ಟಿಯಿಂದ ಮತ್ತೊಮ್ಮೆ ಪರಿಶೀಲಿಸಬಹುದು. ದಸರಾ ದರ್ಬಾರು, ಖಿಲ್ಲತ್ತು, ಬಿರುದುಗಳೇ ನಮ್ಮ ನೆನಪಿನಲ್ಲಿ ಉಳಿದಿವೆ. ಆದರೆ ತರುಣ ವಾಸುದೇವಾಚಾರ್ಯರನ್ನು ಪಟ್ನಂ ಸುಬ್ರಹ್ಮಣ್ಯ ಅಯ್ಯರ್ ಅವರಲ್ಲಿ ಕಲಿಯಲು ತಿರುವೈಯಾರಿಗೆ ಕಳುಹಿಸಿದ್ದೂ ಅದೇ ಅರಮನೆ. ಮುಂದೆ ಅವರು ಆಸ್ಥಾನ ವಿದ್ವಾಂಸರಾದರು. ವೀಣೆ ಶೇಷಣ್ಣನವರಂಥವರಿಗೆ ಅರಮನೆ ಒದಗಿಸಿದ್ದು ವರ್ಷಕ್ಕೊಂದು ಸಂಜೆಯನ್ನಲ್ಲ, ಶಿಷ್ಯರನ್ನು ತಯಾರು ಮಾಡಲು ಬೇಕಾದ ನಿಶ್ಚಿಂತೆಯನ್ನು. ಈ ಪೋಷಣೆಯ ಮಿತಿಯನ್ನೂ ಮರೆಯಬಾರದು. ಅದು ಅರಸನ ಅಭಿರುಚಿಗೆ ಬದ್ಧವಾಗಿತ್ತು. ಆಸ್ಥಾನದ ಬಾಗಿಲು ಎಲ್ಲ ಜಾತಿಗಳಿಗೂ ಎಲ್ಲ ಬಗೆಯ ಹಾಡಿಕೆಗೂ ಸಮನಾಗಿ ತೆರೆದಿರಲಿಲ್ಲ. ಅರಮನೆಯಿಂದ ಹೆಚ್ಚು ದೂರವಲ್ಲದ ಊರುಗಳ ಕಂಸಾಳೆಯವರಿಗೆ ಆಸ್ಥಾನ ವಿದ್ವಾಂಸರ ಪಟ್ಟಿಯಲ್ಲಿ ಜಾಗವಿರಲಿಲ್ಲ. ಪ್ರಜಾಪ್ರಭುತ್ವದ ಸರ್ಕಾರದಿಂದ ನಾವು ನಿರೀಕ್ಷಿಸಬೇಕಾಗಿದ್ದುದು ಆ ಬಾಗಿಲನ್ನು ಅಗಲ ಮಾಡುವುದನ್ನು. ಬಾಗಿಲು ಅಗಲವಾಯಿತು ನಿಜ. ಆದರೆ ಒಳಗಿದ್ದ ಗುರುಕುಲ ಕಾಣೆಯಾಗಿ ದರ್ಬಾರು ಮಾತ್ರ ಉಳಿಯಿತು.

೩

ಸ್ವಾತಂತ್ರ್ಯೋತ್ತರ ಭಾರತದಲ್ಲಿ ಸಂಗೀತಕ್ಕೆ ದೊರೆತ ಅತಿ ದೊಡ್ಡ ಸರ್ಕಾರಿ ಆಶ್ರಯ ಆಕಾಶವಾಣಿ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನಲ್ಲಿ ಖಾಸಗಿಯಾಗಿ ಆರಂಭಿಸಿದ ಬಾನುಲಿ ಕೇಂದ್ರದ ಹೆಸರೇ ಮುಂದೆ ಇಡೀ ದೇಶದ ಬಾನುಲಿಯ ಹೆಸರಾದದ್ದು ಕನ್ನಡಿಗರಿಗೆ ಅಭಿಮಾನದ ಸಂಗತಿ. 1950ರಲ್ಲಿ ಧಾರವಾಡ ಕೇಂದ್ರ ಆರಂಭವಾಯಿತು. ನಿಲಯದ ಕಲಾವಿದ ಎಂಬ ಹುದ್ದೆ ಸಾರಂಗಿ, ತಬಲಾ, ಪಿಟೀಲು ವಾದಕರಿಗೆ ತಿಂಗಳ ಸಂಬಳ ನೀಡಿತು. ಅರಮನೆಗಳು ಕೈಬಿಟ್ಟ ಕಾಲದಲ್ಲಿ ಇದು ಸಾಮಾನ್ಯ ಉಪಕಾರವಲ್ಲ. ಮಲ್ಲಿಕಾರ್ಜುನ ಮನ್ಸೂರರಂಥವರು ಧಾರವಾಡ ಕೇಂದ್ರಕ್ಕೆ ಸಂಗೀತ ಸಲಹೆಗಾರರಾಗಿದ್ದರು. ಕಛೇರಿಗೆ ಹೋಗುವ ಅನುಕೂಲವೇ ಇಲ್ಲದ ಹಳ್ಳಿಯ ಕೇಳುಗನ ಮನೆಗೆ ಶ್ರೇಷ್ಠ ಸಂಗೀತ ಬಂದದ್ದು ಈ ದಾರಿಯಿಂದ.

ಆದರೆ ಇದೇ ಸಂಸ್ಥೆಯ ಇತಿಹಾಸ ಪೋಷಣೆಯ ಇನ್ನೊಂದು ಮುಖವನ್ನೂ ತೋರಿಸುತ್ತದೆ. 1940ರಿಂದ 1971ರವರೆಗೆ ಹಾರ್ಮೋನಿಯಂ ವಾದ್ಯಕ್ಕೆ ಆಕಾಶವಾಣಿಯಲ್ಲಿ ಪ್ರವೇಶವಿರಲಿಲ್ಲ. ಭಾರತೀಯ ಸಂಗೀತದ ಶ್ರುತಿಸೂಕ್ಷ್ಮಗಳಿಗೆ ಅದು ಒಗ್ಗದು ಎಂಬುದು ಕಾರಣ. ಈ ವಾದದಲ್ಲಿ ಸಂಗೀತಶಾಸ್ತ್ರದ ತಥ್ಯವಿರಬಹುದು. ಆದರೆ ಉತ್ತರ ಕರ್ನಾಟಕದ ಭಜನೆ, ಸಣ್ಣಾಟ, ಕಂಪನಿ ನಾಟಕಗಳೆಲ್ಲ ಪೇಟಿಯ ಮೇಲೆಯೇ ನಿಂತಿದ್ದವು. ಪೇಟಿ ಮಾಸ್ತರನೆಂದರೆ ಊರಿನ ಸಂಗೀತದ ಗುರು. ಸರ್ಕಾರದ ಬಾನುಲಿ ಮೂರು ದಶಕಗಳ ಕಾಲ ಅವನ ವಾದ್ಯವನ್ನು ಹೊರಗಿಟ್ಟಿತು. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಅವರು ಶಾಸ್ತ್ರೀಯ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿ ನೂರಾರು ಕಲಾವಿದರಿಗೆ ಘನತೆಯ ವೇದಿಕೆ ಒದಗಿಸಿದರು; ಜೊತೆಗೆ ಚಿತ್ರಗೀತೆಗಳನ್ನು ದೂರವಿಟ್ಟರು. ಕೇಳುಗರು ರೇಡಿಯೋ ಸಿಲೋನಿನ ಕಡೆಗೆ ಹೊರಳಿದರು. ಕೊನೆಗೆ 1957ರಲ್ಲಿ ವಿವಿಧ ಭಾರತಿಯನ್ನು ಆರಂಭಿಸಿ ಸರ್ಕಾರವೇ ಕೇಳುಗರ ಬಳಿಗೆ ಬರಬೇಕಾಯಿತು.

ಈ ಪ್ರಸಂಗವನ್ನು ಅಧಿಕಾರಿಗಳ ಅರಸಿಕತೆಯ ಕಥೆಯಾಗಿ ಹೇಳುವುದು ವಾಡಿಕೆ. ನನಗೆ ಅದು ಬೇರೆ ರೀತಿ ಕಾಣುತ್ತದೆ. ಕೇಸ್ಕರ್ ಸಂಗೀತ ಬಲ್ಲವರಾಗಿದ್ದರು, ಕಾಳಜಿಯುಳ್ಳವರೂ ಆಗಿದ್ದರು. ತೊಡಕು ಇದ್ದದ್ದು ಅಭಿರುಚಿಯಲ್ಲಲ್ಲ, ಒಬ್ಬರ ಅಭಿರುಚಿ ಇಡೀ ದೇಶದ ನಿಯಮವಾಗುವ ರಚನೆಯಲ್ಲಿ. ಒಳ್ಳೆಯ ಅಭಿರುಚಿಯ ಸಚಿವರು ಬಂದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ.

೪

ಈ ಅಪಾಯವನ್ನು ತಡೆಯುವುದಕ್ಕಾಗಿಯೇ ಅಕಾಡೆಮಿ ಎಂಬ ಕಲ್ಪನೆ ರೂಪುಗೊಂಡಿತು. ಹಣ ಸರ್ಕಾರದ್ದು, ತೀರ್ಮಾನ ಕ್ಷೇತ್ರದ ತಜ್ಞರದ್ದು; ನಡುವೆ ಒಂದು ತೋಳಿನಷ್ಟು ಅಂತರ ಇರಬೇಕು ಎಂಬುದು ಅದರ ತಾತ್ಪರ್ಯ. ಬ್ರಿಟನ್ನಿನಲ್ಲಿ 1946ರಲ್ಲಿ ಕಲಾ ಮಂಡಳಿ ಸ್ಥಾಪನೆಯಾದದ್ದು ಈ ತತ್ವದ ಮೇಲೆ. ನಮ್ಮಲ್ಲಿ 1953ರಲ್ಲಿ ಕೇಂದ್ರದ ಸಂಗೀತ ನಾಟಕ ಅಕಾಡೆಮಿಯೂ 1959ರಲ್ಲಿ ಮೈಸೂರು ರಾಜ್ಯದ ಸಂಗೀತ ನಾಟಕ ಅಕಾಡೆಮಿಯೂ ಆರಂಭವಾದವು. ರಾಷ್ಟ್ರೀಯ ಅಕಾಡೆಮಿಗಳ ಕಾರ್ಯವೈಖರಿಯನ್ನು 1972ರಲ್ಲಿ ಖೋಸ್ಲಾ ಸಮಿತಿ, 1990ರಲ್ಲಿ ಹಕ್ಸರ್ ಸಮಿತಿ ಪರಾಮರ್ಶಿಸಿದವು. ಕರ್ನಾಟಕದಲ್ಲಿ ಬರಗೂರು ರಾಮಚಂದ್ರಪ್ಪನವರ ಅಧ್ಯಕ್ಷತೆಯ ಸಮಿತಿ 2014ರಲ್ಲಿ ಸಾಂಸ್ಕೃತಿಕ ನೀತಿಯ ವರದಿಯನ್ನು ಸಲ್ಲಿಸಿತು. ಅಂದರೆ ವಿಚಾರಕ್ಕೆ ಕೊರತೆಯಾಗಿಲ್ಲ.

ಕೊರತೆ ಇರುವುದು ಆ ಅಂತರವನ್ನು ಕಾಯ್ದುಕೊಳ್ಳುವುದರಲ್ಲಿ. 2019ರಲ್ಲಿ ಸರ್ಕಾರ ಬದಲಾದಾಗ ಅಕಾಡೆಮಿ, ಪ್ರಾಧಿಕಾರಗಳ ನಾಮನಿರ್ದೇಶನಗಳು ರದ್ದಾದವು. 2023ರಲ್ಲಿ ಮತ್ತೆ ಸರ್ಕಾರ ಬದಲಾದಾಗಲೂ ಅದೇ ಆಯಿತು. ಹೊಸ ಅಧ್ಯಕ್ಷರ ನೇಮಕವಾದದ್ದು 2024ರ ಮಾರ್ಚಿಯಲ್ಲಿ. ಎರಡು ಸಂದರ್ಭಗಳಲ್ಲಿ ಅಧಿಕಾರಕ್ಕೆ ಬಂದ ಪಕ್ಷಗಳು ಬೇರೆ ಬೇರೆ, ರೂಢಿ ಮಾತ್ರ ಒಂದೇ. ಹೀಗಾದಾಗ ಅಧ್ಯಕ್ಷರಾಗಿದ್ದ ವ್ಯಕ್ತಿಗೆ ಆಗುವ ಮುಜುಗರ ಸಣ್ಣ ವಿಷಯ. ಮೂರು ವರ್ಷದ ತರಬೇತಿ ಯೋಜನೆ, ಐದು ವರ್ಷದ ದಾಖಲೀಕರಣ, ಒಬ್ಬ ಶಿಷ್ಯನಿಗೆ ಕಲಿಕೆ ಮುಗಿಯುವವರೆಗಿನ ವೇತನ ಇಂಥ ದೀರ್ಘಾವಧಿಯ ಕೆಲಸಗಳನ್ನು ಯಾವ ಅಕಾಡೆಮಿಯೂ ಧೈರ್ಯವಾಗಿ ಕೈಗೆತ್ತಿಕೊಳ್ಳಲಾರದಂತಾಗುವುದು ದೊಡ್ಡ ವಿಷಯ. ತನ್ನ ಅವಧಿ ಯಾವಾಗ ಮುಗಿಯುತ್ತದೆಂದು ತಿಳಿಯದ ಸಂಸ್ಥೆ ಸಹಜವಾಗಿಯೇ ಒಂದು ದಿನದಲ್ಲಿ ಮುಗಿಯುವ ಕೆಲಸವನ್ನು ಆರಿಸಿಕೊಳ್ಳುತ್ತದೆ. ವಿಚಾರಸಂಕಿರಣ, ಪ್ರಶಸ್ತಿ ಪ್ರದಾನ, ಉತ್ಸವ ಇವು ಒಂದು ದಿನದ ಕೆಲಸಗಳು.

ರಾಜ್ಯದ ಪೋಷಣೆ ಇಂದು ಮುಖ್ಯವಾಗಿ ಮೂರು ರೂಪದಲ್ಲಿ ಗೋಚರಿಸುತ್ತದೆ: ಉತ್ಸವ, ಪ್ರಶಸ್ತಿ, ಮಾಸಾಶನ. ಮೈಸೂರು ದಸರಾ, ಹಂಪಿ ಉತ್ಸವ, ಬನವಾಸಿಯ ಕದಂಬೋತ್ಸವಗಳಲ್ಲಿ ಜನಪದ ತಂಡಗಳಿಗೆ ಮೆರವಣಿಗೆಯಲ್ಲಿ ಸ್ಥಾನ ದೊರೆಯುತ್ತದೆ. ರಾತ್ರಿಯಿಡೀ ಹಾಡಬೇಕಾದ ಕಾವ್ಯವನ್ನು ನಡೆಯುತ್ತ ನಡೆಯುತ್ತ, ಅಥವಾ ವೇದಿಕೆಯಲ್ಲಿ ಹತ್ತು ನಿಮಿಷದಲ್ಲಿ, ಪ್ರದರ್ಶಿಸಬೇಕಾಗುತ್ತದೆ. ಕಂಸಾಳೆಯಲ್ಲಿ ಕಥನ ಹಿಂದೆ ಸರಿದು ಕಸರತ್ತು ಮುಂದೆ ಬಂದಿರುವುದಕ್ಕೆ ಈ ಕಾಲಮಿತಿಯೂ ಒಂದು ಕಾರಣ. ತಂಡದ ತರುಣನಿಗೆ ಹೆಜ್ಜೆ ಬಂದರೆ ಸಾಕು. ಸಾಲುಗಳು ಬಾರದಿದ್ದರೂ ಅವನಿಗೆ ಸಂಭಾವನೆ ಉಂಟು. ಪೋಷಣೆಯೇ ಕಲೆಯನ್ನು ಮೊಟಕುಗೊಳಿಸುವ ವಿಪರ್ಯಾಸವಿದು.

ಪ್ರಶಸ್ತಿಗಳ ಮಹತ್ವವನ್ನು ಅಲ್ಲಗಳೆಯುವಂತಿಲ್ಲ. ಕನಕ-ಪುರಂದರ, ಜಾನಪದ ಶ್ರೀ ಮೊದಲಾದ ಪ್ರಶಸ್ತಿಗಳು ಎಲೆಮರೆಯ ಕಲಾವಿದರನ್ನು ನಾಡಿಗೆ ಪರಿಚಯಿಸಿವೆ. ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ, ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ದೊರೆತಾಗ ಆದ ಸಂತೋಷ ಸಣ್ಣದಲ್ಲ. ಮಂಜಮ್ಮನವರು 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದದ್ದು ಲಿಂಗತ್ವ ಅಲ್ಪಸಂಖ್ಯಾತ ಸಮುದಾಯದ ಘನತೆಯ ದೃಷ್ಟಿಯಿಂದಲೂ ಐತಿಹಾಸಿಕ ಸಂಗತಿ. ಆದರೆ ಸುಕ್ರಜ್ಜಿ ನೂರಾರು ಹಾಡುಗಳನ್ನು ಕಲಿತದ್ದು ತಮ್ಮ ಸಮುದಾಯದ ಒಳಗೆ. ಮಂಜಮ್ಮ ಕಲಿತದ್ದು ಕಾಳವ್ವ ಜೋಗತಿಯವರಿಂದ. ಆ ಕಲಿಕೆಯ ವರ್ಷಗಳಲ್ಲಿ ಯಾವ ಯೋಜನೆಯೂ ಅವರ ಬಳಿ ಸುಳಿಯಲಿಲ್ಲ. ಪ್ರಶಸ್ತಿ ಬಂದದ್ದು ಸಾಧನೆ ಮುಗಿದ ಮೇಲೆ. 2025ರಲ್ಲಿ ಸುಕ್ರಜ್ಜಿ ತೀರಿಕೊಂಡಾಗ ನಾವು ಕೇಳಬೇಕಾಗಿದ್ದ ಪ್ರಶ್ನೆ ಎಷ್ಟು ಪ್ರಶಸ್ತಿ ಕೊಟ್ಟೆವು ಎಂಬುದಲ್ಲ, ಅವರ ಬಳಿ ಕುಳಿತು ಕಲಿಯಲು ಎಷ್ಟು ಹುಡುಗಿಯರಿಗೆ ಅವಕಾಶ ಮಾಡಿಕೊಟ್ಟೆವು ಎಂಬುದು.

ಮಾಸಾಶನ ಮಾನವೀಯವಾದ ಯೋಜನೆ. ಅದನ್ನು ಹೆಚ್ಚಿಸಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದು ಕಲಾವಿದನ ಮುಪ್ಪನ್ನು ಪೋಷಿಸುತ್ತದೆಯೇ ಹೊರತು ಕಲೆಯ ಯೌವನವನ್ನಲ್ಲ.

೫

ಯಾರು ಕಲಾವಿದರು ಎಂಬ ಪ್ರಶ್ನೆ ತೀವ್ರವಾಗಿ ಎದುರಾದದ್ದು ಕೊರೋನಾ ಕಾಲದಲ್ಲಿ. ಜಾತ್ರೆ, ಮದುವೆ, ಉತ್ಸವಗಳೆಲ್ಲ ನಿಂತು ಹಾಡುವವರ, ನುಡಿಸುವವರ ದುಡಿಮೆ ಒಮ್ಮೆಗೇ ಕಡಿಯಿತು. 2021ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಪ್ರಕಟಿಸಿದ ಪರಿಹಾರದಲ್ಲಿ ಕಲಾವಿದರಿಗೆ ತಲಾ 3,000 ರೂಪಾಯಿ ಸೇರಿತ್ತು. ಅರ್ಜಿಯನ್ನು ಸೇವಾಸಿಂಧು ಜಾಲತಾಣದ ಮೂಲಕ ಸಲ್ಲಿಸಬೇಕಾಗಿತ್ತು. ಮೊತ್ತದ ಮಾತು ಹಾಗಿರಲಿ. ಕಲಾವಿದನೆಂದು ತೋರಿಸುವುದು ಹೇಗೆ ಎಂಬುದೇ ಅನೇಕರಿಗೆ ತೊಡಕಾಯಿತು. ಇಲಾಖೆಯ ವೇದಿಕೆ ಏರಿದವನ ಬಳಿ ಪ್ರಮಾಣಪತ್ರವಿರುತ್ತದೆ. ಒಕ್ಕಲಿನ ಮನೆಗಳಲ್ಲಿ, ತಿಥಿಗಳಲ್ಲಿ, ಪರಿಸೆಗಳಲ್ಲಿ ಹಾಡಿಕೊಂಡು ಬಂದವನ ಬಳಿ ಏನಿರುತ್ತದೆ? ಪರಂಪರೆಗೆ ಹೆಚ್ಚು ನಿಷ್ಠನಾಗಿದ್ದವನೇ ದಾಖಲೆಯಲ್ಲಿ ಹೆಚ್ಚು ಅಗೋಚರ. ಆರು ದಶಕಗಳ ಅಕಾಡೆಮಿಗಳ ತರುವಾಯವೂ ನಮ್ಮಲ್ಲಿ ಹಳ್ಳಿಹಳ್ಳಿಯ ಕಲಾವಿದರ ನಂಬಲರ್ಹವಾದ ಸ್ಥಾಯೀ ನೋಂದಣಿ ಇರಲಿಲ್ಲವೆಂಬುದು ಆಗ ಬಯಲಾಯಿತು.

ವರ್ಗೀಕರಣದ ಇನ್ನೊಂದು ಉದಾಹರಣೆ ತೆರಿಗೆಯ ಕಾನೂನಿನಲ್ಲಿದೆ. 2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಜಾರಿಯಾದಾಗ ಹೊರಡಿಸಿದ ವಿನಾಯಿತಿಯ ಪಟ್ಟಿಯಲ್ಲಿ, ಜಾನಪದ ಅಥವಾ ಶಾಸ್ತ್ರೀಯ ಪ್ರಕಾರದ ಸಂಗೀತ, ನೃತ್ಯ, ರಂಗಪ್ರದರ್ಶನಕ್ಕೆ ಕಲಾವಿದ ಪಡೆಯುವ ಸಂಭಾವನೆ ಒಂದೂವರೆ ಲಕ್ಷ ರೂಪಾಯಿ ಮೀರದಿದ್ದರೆ ತೆರಿಗೆಯಿಲ್ಲ ಎಂದು ಹೇಳಲಾಯಿತು. ನಮ್ಮ ಬಹುಪಾಲು ಕಲಾವಿದರ ವಾರ್ಷಿಕ ಆದಾಯವೇ ನೋಂದಣಿಯ ಮಿತಿಗಿಂತ ಕೆಳಗಿರುವುದರಿಂದ ವ್ಯವಹಾರದಲ್ಲಿ ಇದರ ಪರಿಣಾಮ ಕಡಿಮೆ. ಆದರೆ ಪ್ರಭುತ್ವದ ಮನಸ್ಸು ಇಲ್ಲಿ ವ್ಯಕ್ತವಾಗಿದೆ. ಶಾಸ್ತ್ರೀಯ, ಜಾನಪದ ಎಂಬ ಎರಡು ಪೆಟ್ಟಿಗೆಗಳಲ್ಲಿ ನಮ್ಮ ಸುಗಮ ಸಂಗೀತ ಎಲ್ಲಿ ಸೇರುತ್ತದೆ? ಶರೀಫರ ತತ್ವಪದವನ್ನು ಏಕತಾರಿಯೊಂದಿಗೆ ಹಾಡಿದರೆ ಜಾನಪದ, ವಾದ್ಯಮೇಳದೊಂದಿಗೆ ಹಾಡಿದರೆ ಸುಗಮ, ರಾಗವಿಸ್ತಾರ ಮಾಡಿ ಹಾಡಿದರೆ ಶಾಸ್ತ್ರೀಯ. ಪದ ಒಂದೇ. ಮಾರ್ಗ-ದೇಸಿಗಳ ಸಂಬಂಧವನ್ನು ಕೊಡುಕೊಳೆಯಾಗಿ ಕಂಡ ಕನ್ನಡದ ಕಾವ್ಯಮೀಮಾಂಸೆ ನಮ್ಮ ಬೆನ್ನಿಗಿರುವಾಗಲೂ ಆಡಳಿತದ ಪರಿಭಾಷೆಯಲ್ಲಿ ಅವು ಎರಡು ಕಡತಗಳಾಗಿಯೇ ಉಳಿದಿವೆ.

೬

ಇಲ್ಲಿ ಒಂದು ಗಂಭೀರವಾದ ಆಕ್ಷೇಪವನ್ನು ಎದುರಿಸಬೇಕು. ಸರ್ಕಾರದ ಹಂಗಿಲ್ಲದೆಯೇ ಚೆನ್ನಾಗಿ ಬೆಳೆದ ಕಲೆಗಳು ನಮ್ಮ ಕಣ್ಣೆದುರಿಗಿವೆ. ಕಟೀಲು, ಮಂದಾರ್ತಿ, ಧರ್ಮಸ್ಥಳದ ಯಕ್ಷಗಾನ ಮೇಳಗಳಿಗೆ ಹರಕೆಯ ಆಟ ಆಡಿಸಬೇಕೆಂದರೆ ವರ್ಷಗಳ ಮೊದಲೇ ಹೆಸರು ಬರೆಸಬೇಕು. 1978ರಲ್ಲಿ ‘ನಿತ್ಯೋತ್ಸವ’ ಧ್ವನಿಸುರುಳಿ ಬಂದ ಬಳಿಕ ಸುಗಮ ಸಂಗೀತ ಮನೆಮನೆಯನ್ನು ಮುಟ್ಟಿದ್ದು ಕ್ಯಾಸೆಟ್ಟಿನ ಮಾರುಕಟ್ಟೆಯಿಂದ. ಕೆ.ವಿ. ಸುಬ್ಬಣ್ಣನವರ ನೀನಾಸಮ್ 1949ರಲ್ಲಿ ಹೆಗ್ಗೋಡಿನವರ ಸ್ವಂತ ಉತ್ಸಾಹದಿಂದ ಹುಟ್ಟಿತು. ಹೀಗಿರುವಾಗ ಜನರಿಗೆ ಬೇಕಾದ ಕಲೆ ಉಳಿಯುತ್ತದೆ, ಬೇಡವಾದದ್ದು ಅಳಿಯುತ್ತದೆ. ಸರ್ಕಾರ ಕೃತಕ ಉಸಿರಾಟ ನೀಡುವುದೇಕೆ ಎಂದು ಕೇಳುವವರಿದ್ದಾರೆ.

ಈ ವಾದದಲ್ಲಿ ಅರ್ಧ ಸತ್ಯವಿದೆ. ಸಮುದಾಯದ ಬೇಡಿಕೆ ಗಟ್ಟಿಯಾಗಿರುವ ಕಡೆ ಸರ್ಕಾರ ಕೈಹಾಕದಿರುವುದೇ ಲೇಸು. ಹರಕೆಯ ಆಟಕ್ಕೆ ಇಲಾಖೆಯ ಅನುದಾನ ಅಗತ್ಯವಿಲ್ಲ. ಆದರೆ ಎಲ್ಲ ಕಲೆಗಳ ಆಧಾರವೂ ಇಂಥದಲ್ಲ. ಚೌಡಿಕೆ ಪದವನ್ನು ತೆಗೆದುಕೊಳ್ಳೋಣ. ಅದು ಎಲ್ಲಮ್ಮನಿಗೆ ಬಿಟ್ಟವರ ಹಾಡು. 1982ರ ಕರ್ನಾಟಕ ದೇವದಾಸಿ ಸಮರ್ಪಣಾ ನಿಷೇಧ ಕಾಯಿದೆ ಆ ಅಮಾನುಷ ಪದ್ಧತಿಗೆ ತಡೆ ಹಾಕಿತು. ಅದು ಆಗಲೇಬೇಕಾಗಿದ್ದ ಸುಧಾರಣೆ. ಅದರ ಬಗ್ಗೆ ಹಳಹಳಿಕೆಗೆ ಎಡೆಯೇ ಇಲ್ಲ. ಆದರೆ ಮುತ್ತು ಕಟ್ಟುವ ಪದ್ಧತಿಯೊಂದಿಗೆ ಹಾಡನ್ನು ದಾಟಿಸುತ್ತಿದ್ದ ಸರಣಿಯೂ ಸಡಿಲವಾಯಿತು. ನೀಲಗಾರರ, ಜೋಗಿಗಳ ಮಕ್ಕಳೂ ಹಾಗೆಯೇ. ಭಿಕ್ಷೆಗೆ ಹೋಗುವುದನ್ನು ಓದಿದ ಹುಡುಗ ಅವಮಾನವೆಂದು ಭಾವಿಸುತ್ತಾನೆ. ಆ ನಿರಾಕರಣೆ ನ್ಯಾಯವಾದದ್ದು. ಜಾತಿ ವ್ಯವಸ್ಥೆ ತನ್ನ ಅಜ್ಜನಿಗೆ ಹೊರಿಸಿದ ಕಾಯಕವನ್ನು ನಮ್ಮ ಸಂಶೋಧನೆಯ ಅನುಕೂಲಕ್ಕಾಗಿ ಅವನು ಮುಂದುವರಿಸಬೇಕೆಂದು ಕೇಳಲು ನಾವು ಯಾರು?

ಹಾಗಾದರೆ ಇಲ್ಲಿ ಕಲೆ ಕ್ಷೀಣಿಸುತ್ತಿರುವುದು ಜನರಿಗೆ ಬೇಡವಾದದ್ದರಿಂದಲ್ಲ. ಕಲೆಯನ್ನು ಹೊತ್ತಿದ್ದ ಸಾಮಾಜಿಕ ವ್ಯವಸ್ಥೆ ಅನ್ಯಾಯದ್ದಾಗಿತ್ತು, ಆ ವ್ಯವಸ್ಥೆಯನ್ನು ಕಾನೂನು ಮತ್ತು ಶಿಕ್ಷಣ ಸರಿಯಾಗಿಯೇ ಒಡೆದವು. ಒಡೆದವರ ಮೇಲೆ ಒಂದು ಹೊಣೆ ಉಳಿಯುತ್ತದೆ. ಬಂಧನವನ್ನು ತೆಗೆದು ಹಾಡನ್ನು ಉಳಿಸಿಕೊಳ್ಳಬಯಸುವವನಿಗೆ ಘನತೆಯ ಬೇರೊಂದು ಆಧಾರ ಒದಗಿಸುವುದು ಸರ್ಕಾರದ ಕೃಪೆಯಲ್ಲ, ಸುಧಾರಣೆಯ ಉಳಿದರ್ಧ. ಸಂಗೀತಕ್ಕೆ ಸರ್ಕಾರದ ಪೋಷಣೆ ಏಕೆ ಬೇಕು ಎಂಬುದಕ್ಕೆ ಕರ್ನಾಟಕದ ಸಂದರ್ಭದಲ್ಲಿ ಇದಕ್ಕಿಂತ ಬಲವಾದ ಸಮರ್ಥನೆ ನನಗೆ ಕಾಣದು.

ಆ ಆಧಾರ ಯಾವ ಬಗೆಯದಾಗಬಹುದು? ಹೊಸ ಸಂಸ್ಥೆಗಳೇ ಬೇಕೆಂದಿಲ್ಲ. ತಂಜಾವೂರಿನಲ್ಲಿ ಕೇಂದ್ರ ಕಚೇರಿಯಿರುವ ದಕ್ಷಿಣ ವಲಯ ಸಾಂಸ್ಕೃತಿಕ ಕೇಂದ್ರದಂಥ ಸಂಸ್ಥೆಗಳಲ್ಲಿ ಗುರು-ಶಿಷ್ಯ ಪರಂಪರೆಯ ಯೋಜನೆ ಈಗಾಗಲೇ ಇದೆ. ಗುರುವಿಗೆ ಗೌರವಧನ, ಶಿಷ್ಯರಿಗೆ ವಿದ್ಯಾರ್ಥಿವೇತನ ಎಂಬ ಅದರ ತತ್ವ ಸರಿಯಾದದ್ದು. ರಾಜ್ಯದ ಅಕಾಡೆಮಿಗಳು ಉತ್ಸವಕ್ಕೆ ಮೀಸಲಾದ ಹಣದ ಒಂದು ನಿಶ್ಚಿತ ಭಾಗವನ್ನು ಇದೇ ತತ್ವದ ಮೇಲೆ ಕಲಿಕೆಗೆ ತಿರುಗಿಸಬೇಕು. ಪೂರ್ತಿ ಕಾವ್ಯವನ್ನು ಕಲಿಯುವವರೆಗೆ, ಅಂದರೆ ವರ್ಷಗಳ ಕಾಲ, ವೇತನ ದೊರೆಯಬೇಕು. ಜಾತಿಯ ಹಂಗಿಲ್ಲದೆ ಯಾರು ಬೇಕಾದರೂ ಕಲಿಯಲು ಬರುವಂತಿರಬೇಕು. ಮೂಲ ಸಮುದಾಯದ ಗುರುವಿಗೆ ಶಿಕ್ಷಕನ ಸ್ಥಾನ ದೊರೆಯಬೇಕು. ಹೀಗೆ ಮಾಡಿದಲ್ಲಿ ಕುಲಕ್ಕೆ ಕಟ್ಟುಬಿದ್ದ ಕಾಯಕ ಆಯ್ಕೆಯ ವಿದ್ಯೆಯಾಗುತ್ತದೆ. ವಾದ್ಯಗಳ ತಯಾರಿಕೆಯನ್ನೂ ಇದರೊಳಗೆ ಸೇರಿಸಬೇಕು. ಕಿನ್ನರಿಯನ್ನು ಮಾಡಬಲ್ಲ ಕೈ ಇಲ್ಲವಾದರೆ ನುಡಿಸಬಲ್ಲ ಬೆರಳಿದ್ದು ಪ್ರಯೋಜನವೇನು?

1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ಮೈಸೂರಿನಲ್ಲಿ ಆರಂಭವಾದ ರಂಗಾಯಣ ಈ ದಿಕ್ಕಿನಲ್ಲಿ ಒಂದು ಪೂರ್ವನಿದರ್ಶನ. ನಟರಿಗೆ ತಿಂಗಳ ವೇತನ ನೀಡಿ ಅವರ ದುಡಿಮೆಯನ್ನು ವೃತ್ತಿಯೆಂದು ಸರ್ಕಾರ ಒಪ್ಪಿಕೊಂಡಿತು. ಮುಂದೆ ಧಾರವಾಡ, ಶಿವಮೊಗ್ಗ, ಕಲಬುರಗಿಗಳಿಗೂ ರಂಗಾಯಣ ವಿಸ್ತರಿಸಿತು. ರಂಗಾಯಣದ ಏಳುಬೀಳುಗಳೇನೇ ಇರಲಿ, ನಟನೆಗೆ ಸಂದ ಈ ಮನ್ನಣೆ ಮೌಖಿಕ ಕಾವ್ಯದ ಗಾಯಕನಿಗೆ ಏಕೆ ಸಲ್ಲಬಾರದು?

೭

ಇಷ್ಟು ಹೇಳಿ ಎಲ್ಲ ಹೊಣೆಯನ್ನೂ ಸರ್ಕಾರದ ತಲೆಗೆ ಕಟ್ಟಿ ನಾವು ಪಾರಾಗುವಂತಿಲ್ಲ. ಅಕಾಡೆಮಿಗಳ ಸದಸ್ಯರಲ್ಲಿ, ಆಯ್ಕೆ ಸಮಿತಿಗಳಲ್ಲಿ, ಪಠ್ಯ ರಚನೆಯಲ್ಲಿ ಕನ್ನಡದ ಅಧ್ಯಾಪಕರು ಇದ್ದೇ ಇರುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಕಳೆದ ಐದಾರು ದಶಕಗಳ ಕ್ಷೇತ್ರಕಾರ್ಯದಲ್ಲಿ ಧ್ವನಿಮುದ್ರಿಸಿಕೊಂಡ ಸುರುಳಿಗಳು ನಮ್ಮ ವಿಭಾಗಗಳ ಕಪಾಟುಗಳಲ್ಲಿಯೂ ಸಂಶೋಧಕರ ಮನೆಗಳಲ್ಲಿಯೂ ಇವೆ. ಹಾಡಿದವರಲ್ಲಿ ಬಹುಮಂದಿ ಈಗಿಲ್ಲ. ಅವರ ಮಕ್ಕಳಿಗೆ ತಂದೆಯ, ತಾಯಿಯ ಧ್ವನಿಯನ್ನು ಕೇಳುವ ಅವಕಾಶವೂ ಇಲ್ಲ. ಸಂಪಾದಿತ ಕಾವ್ಯದ ಮುಖಪುಟದಲ್ಲಿ ಸಂಪಾದಕನ ಹೆಸರು, ಒಳಪುಟದ ಕೃತಜ್ಞತೆಯಲ್ಲಿ ಹಾಡಿದವನ ಹೆಸರು ಎಂಬ ಕ್ರಮವನ್ನು ನಾವು ಬಹುಕಾಲ ಪ್ರಶ್ನಿಸದೆ ಪಾಲಿಸಿದೆವು. ಗೌರವಾನ್ವಿತವಾದ ಅಪವಾದಗಳಿವೆ, ರೂಢಿ ಮಾತ್ರ ಇದೇ.

ಈ ವಿಷಯದಲ್ಲಿ ಕಾನೂನು ನಮಗಿಂತ ಮುಂದಿದೆ. 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ಆದ ತಿದ್ದುಪಡಿ ಪ್ರದರ್ಶಕರ ಹಕ್ಕನ್ನು ಮಾನ್ಯ ಮಾಡಿತು. 2012ರ ತಿದ್ದುಪಡಿ ಅದನ್ನು ಇನ್ನಷ್ಟು ವಿಸ್ತರಿಸಿತು. ಹಾಡು ಪರಂಪರೆಯದಾಗಿ ಕರ್ತೃ ಅಜ್ಞಾತನಾಗಿದ್ದರೂ, ಹಾಡಿದವನಿಗೆ ತನ್ನ ಹಾಡುಗಾರಿಕೆಯ ಮೇಲೆ ಹಕ್ಕಿದೆ. ಪ್ರದರ್ಶಕರು ಯಾರೆಂದು ಹೇಳುವಾಗ ಕಾಯಿದೆ ನಟ, ಗಾಯಕ, ವಾದಕ, ನರ್ತಕರ ಜೊತೆಗೆ ದೊಂಬರಾಟದವನನ್ನು, ಹಾವಾಡಿಗನನ್ನು, ಕೊನೆಗೆ ಉಪನ್ಯಾಸ ನೀಡುವವನನ್ನೂ ಸೇರಿಸಿದೆ. ನಾವೂ ಹಾವಾಡಿಗರೂ ಒಂದೇ ಸಾಲಿನಲ್ಲಿದ್ದೇವೆ ಎಂಬುದು ವಿನಯವನ್ನು ಕಲಿಸುವ ಸಂಗತಿ. ಬೋಧನೆ, ಸಂಶೋಧನೆಗಳಿಗಾಗಿ ಪ್ರಾಮಾಣಿಕವಾಗಿ ಮಾಡಿಕೊಂಡ ಧ್ವನಿಮುದ್ರಣಕ್ಕೆ ಕಾಯಿದೆ ವಿನಾಯಿತಿ ನೀಡುತ್ತದೆ. ಆದರೆ ಅದೇ ಧ್ವನಿ ಮುಂದೆ ಮಾರಾಟದ ಅಡಕಮುದ್ರಿಕೆಯಾದರೆ, ಅಂತರ್ಜಾಲದ ವಾಹಿನಿಗೆ ಏರಿದರೆ ಆ ವಿನಾಯಿತಿಯನ್ನು ಹಾಗೆಯೇ ಚಾಚಲಾಗದು. ಅಲ್ಲಿ ಹಾಡಿದವನ ಒಪ್ಪಿಗೆ, ಪಾಲು ಎಂಬ ಪ್ರಶ್ನೆಗಳು ಏಳುತ್ತವೆ. ಹಕ್ಕಿನ ಅರಿವು ಹಾಡುಗಾರನಿಗಿಲ್ಲ ಎಂಬುದು ನಮಗೆ ಸಮಾಧಾನದ ಕಾರಣವಾಗಬಾರದು.

ಕನ್ನಡ ವಿಭಾಗಗಳು ಸರ್ಕಾರದ ಆದೇಶಕ್ಕೆ ಕಾಯದೆ ಮಾಡಬಹುದಾದ ಕೆಲಸಗಳಿವೆ. ತಮ್ಮಲ್ಲಿರುವ ಧ್ವನಿಸುರುಳಿಗಳನ್ನು ಅವು ಬೂಷ್ಟು ಹಿಡಿಯುವ ಮುನ್ನ ಗಣಕೀಕರಿಸಿ, ಹಾಡಿದವರ ಹೆಸರು, ಊರು, ಕಾಲಗಳ ಸೂಚಿಯನ್ನು ಸಿದ್ಧಪಡಿಸಬಹುದು. ಒಂದು ಪ್ರತಿಯನ್ನು ಹಾಡಿದವರ ಕುಟುಂಬಕ್ಕೆ ಒಪ್ಪಿಸಬಹುದು. ಹೊಸ ಕ್ಷೇತ್ರಕಾರ್ಯಕ್ಕೆ ಕನ್ನಡದಲ್ಲಿ ಸರಳವಾದ ಒಪ್ಪಿಗೆ ಪತ್ರವನ್ನು ಕಡ್ಡಾಯ ಮಾಡಬಹುದು. ಓದಲು ಬಾರದವರಿಗೆ ಅದನ್ನು ಓದಿ ಹೇಳಿ, ಅವರ ಸಮ್ಮತಿಯನ್ನೇ ಧ್ವನಿಮುದ್ರಿಸಿಕೊಳ್ಳಬಹುದು. ಸಂಪಾದನೆಯ ಗ್ರಂಥಗಳಲ್ಲಿ ಹಾಡಿದವರ ಹೆಸರನ್ನು ಮುಖಪುಟಕ್ಕೆ ತರಬಹುದು. ಹೀಗೆ ಸಿದ್ಧವಾಗುವ ಸೂಚಿಯೇ ಪ್ರತಿ ಜಿಲ್ಲೆಯ ಕಲಾವಿದರ ನೋಂದಣಿಗೆ ವಿಶ್ವಾಸಾರ್ಹವಾದ ಬುನಾದಿಯಾಗಬಲ್ಲುದು. ಪ್ರಮಾಣಪತ್ರವಿಲ್ಲದ ಹಾಡುಗಾರನಿಗೆ ಮುಂದೊಂದು ಸಂಕಟ ಕಾಲದಲ್ಲಿ ನಮ್ಮ ಕ್ಷೇತ್ರಕಾರ್ಯದ ಟಿಪ್ಪಣಿಯೇ ಪ್ರಮಾಣವಾಗಬಹುದು.

ಸರ್ಕಾರದ ಮುಂದೆ ಇಡಬೇಕಾದ ಬೇಡಿಕೆಗಳು ಆಗ ಸ್ಪಷ್ಟವಾಗುತ್ತವೆ. ಅಕಾಡೆಮಿಗಳ ಅವಧಿಗೆ ಶಾಸನದ ರಕ್ಷಣೆ ಬೇಕು. ಚುನಾವಣೆಯ ಫಲಿತಾಂಶ ಅದನ್ನು ಮೊಟಕುಗೊಳಿಸಬಾರದು. ಆಯ್ಕೆಗಳಿಗೆ ಕಾರಣಗಳನ್ನು ಬರವಣಿಗೆಯಲ್ಲಿ ಪ್ರಕಟಿಸಬೇಕು. ಸಂಭಾವನೆಯನ್ನು ಕಾರ್ಯಕ್ರಮದ ದಿನವೇ ಪಾವತಿಸಬೇಕು. ಪ್ರಶಸ್ತಿ, ಉತ್ಸವಗಳಿಗೆ ವೆಚ್ಚವಾದದ್ದು ಎಷ್ಟು, ಕಲಿಕೆಗೆ ಸಂದದ್ದು ಎಷ್ಟು ಎಂಬುದನ್ನು ಪ್ರತಿ ವರ್ಷ ಬೇರೆ ಬೇರೆಯಾಗಿ ಲೆಕ್ಕ ಕೊಡಬೇಕು. ಇವುಗಳಲ್ಲಿ ಯಾವುದೂ ಅಸಾಧ್ಯವಲ್ಲ, ಹೆಚ್ಚಿನವು ದುಬಾರಿಯೂ ಅಲ್ಲ.

ಆಶ್ರಯ ಎಂಬ ಪದದಲ್ಲಿ ನೀಡುವವನು ಮೇಲೆ, ಪಡೆಯುವವನು ಕೆಳಗೆ. ಅನುದಾನ ಎಂಬ ಆಡಳಿತದ ಪದವೂ ದಾನವನ್ನು ತನ್ನೊಳಗೆ ಇಟ್ಟುಕೊಂಡಿದೆ. ನೀಲಗಾರ ಒಕ್ಕಲಿನ ಮನೆಯ ಮುಂದೆ ನಿಂತಾಗ ಅವನು ಬೇಡುತ್ತಿರಲಿಲ್ಲ, ತನಗೆ ಸಲ್ಲಬೇಕಾದದ್ದನ್ನು ಕೇಳುತ್ತಿದ್ದ. ಆ ಹಳೆಯ ಸಂಬಂಧದಲ್ಲಿದ್ದ ಜಾತಿಯ ಭಾರವನ್ನು ಕಳಚಿ, ಹಕ್ಕಿನ ಭಾಗವನ್ನು ಮಾತ್ರ ಉಳಿಸಿಕೊಳ್ಳುವುದು ಸಾಧ್ಯವೆ ಎಂಬುದು ನಮ್ಮ ಮುಂದಿರುವ ಪ್ರಶ್ನೆ. ಸಾಂಸ್ಕೃತಿಕ ನೀತಿಯನ್ನು ಕುರಿತ ಮುಂದಿನ ಚರ್ಚೆಗಳು ಮೊತ್ತದಿಂದಲ್ಲ, ಈ ಪ್ರಶ್ನೆಯಿಂದ ಆರಂಭವಾಗುವುದು ಉಚಿತ.